ಹೆಸರು ಮುಚ್ಚಿಟ್ಟ ಠಸ್ಸೆ: ಯುದ್ಧಕಾಲದ ಡೆಸ್ಟ್ರಾಯರ್ ಒಂದರ ಅಂಚೆ ಲಕೋಟೆಗಳನ್ನು ಸಂಗ್ರಹಿಸುವ ಬಗೆ

ಅಮೆರಿಕದ ಯುದ್ಧನೌಕೆಗಳಲ್ಲಿ 1908ರಿಂದಲೂ ಅಂಚೆ ಕಚೇರಿಗಳಿವೆ. ಪ್ರತಿ ಹಡಗಿಗೂ ಅದರದೇ ಠಸ್ಸೆ, ಠಸ್ಸೆಯ ಮೇಲೆ ಅದರದೇ ಹೆಸರು. ಹಾಗಾಗಿ ಹಡಗಿನ ಲಕೋಟೆ ಕೂಡಿಸುವುದು ಸುಲಭದ ಕೆಲಸ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. 1941ರ ಡಿಸೆಂಬರ್‌ವರೆಗೆ ಅದು ನಿಜ ಕೂಡ. ಪರ್ಲ್ ಹಾರ್ಬರ್ ದಾಳಿಯಾದ ಮೇಲೆ ಶತ್ರುವಿಗೆ ಸುಳಿವು ಸಿಗಬಾರದೆಂದು ಠಸ್ಸೆಯಿಂದ ಹಡಗಿನ ಹೆಸರನ್ನೇ ತೆಗೆದರು. ಉಳಿದದ್ದು ‘ಯು.ಎಸ್. ನೇವಿ’ ಎಂಬ ಎರಡು ಪದ ಮತ್ತು ತಾರೀಕು. ಸಾವಿರಾರು ಹಡಗುಗಳಿಗೆ ಒಂದೇ ಮುಖ.

ಆದ್ದರಿಂದ ಯುದ್ಧಕಾಲದ ಲಕೋಟೆಯನ್ನು ಠಸ್ಸೆ ನೋಡಿ ಗುರುತಿಸಲು ಹೋಗಬೇಡಿ. ಎಡಗಡೆ ಮೇಲಿನ ಮೂಲೆಯಲ್ಲಿ ನಾವಿಕ ತನ್ನ ಕೈಯಾರೆ ಬರೆದ ವಿಳಾಸವನ್ನು ನೋಡಿ. ಹಡಗಿನ ಹೆಸರು ಇರುವುದು ಅಲ್ಲಿ. ಈ ಒಂದು ಮಾತು ತಲೆಯಲ್ಲಿದ್ದರೆ ಬೇರೆಯವರು ‘ಹೆಸರಿಲ್ಲದ ಸಾಮಾನ್ಯ ನೇವಿ ಕವರ್’ ಎಂದು ಬದಿಗಿಟ್ಟ ರಾಶಿಯಲ್ಲೇ ನಿಮಗೆ ಬೇಕಾದದ್ದು ಸಿಗುತ್ತದೆ.

ಮೊದಲು ಒಂದೇ ಹಡಗು ಆರಿಸಿಕೊಳ್ಳಿ

‘ಡೆಸ್ಟ್ರಾಯರ್‌ಗಳು’ (ಬೆಂಗಾವಲಿಗೆ ಹೋಗುವ ವೇಗದ ಯುದ್ಧನೌಕೆಗಳು) ಎಂಬ ವಿಷಯ ಬಹಳ ದೊಡ್ಡದು. ಎರಡು ವರ್ಷದಲ್ಲಿ ಮುನ್ನೂರು ಲಕೋಟೆ ಸೇರಿರುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿರುವುದಿಲ್ಲ. ಒಂದೇ ಹಡಗು ಹಿಡಿದರೆ ಮೂವತ್ತು ಲಕೋಟೆಯಲ್ಲಿ ಅದರ ಹುಟ್ಟಿನಿಂದ ನಿವೃತ್ತಿಯವರೆಗಿನ ಬದುಕು ಕಣ್ಣಮುಂದೆ ಬರುತ್ತದೆ. ಇಲ್ಲಿ ಉದಾಹರಣೆಗೆ ಯು.ಎಸ್.ಎಸ್. ಕಾರ್ನಿ, ಹಲ್ ಸಂಖ್ಯೆ (ನೌಕಾಪಡೆ ಹಡಗಿಗೆ ಕೊಟ್ಟ ಗುರುತಿನ ಸಂಖ್ಯೆ) ಡಿಡಿ-432, ಎಂಬ ಡೆಸ್ಟ್ರಾಯರನ್ನು ತೆಗೆದುಕೊಳ್ಳೋಣ. ಅದರ ಬದುಕಿನಲ್ಲಿ ಶಾಂತಿಕಾಲವಿದೆ, ಅರೆಯುದ್ಧದ ಕಾಲವಿದೆ, ಪೂರ್ಣ ಯುದ್ಧವೂ ಇದೆ. ಮೂರರ ಅಂಚೆಯೂ ಬೇರೆ ಬೇರೆ.

ಸಂಗ್ರಹ ಶುರುಮಾಡುವ ಮುನ್ನ ಹಡಗಿನ ದಿನಚರಿಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕಾರ್ನಿಯದು ಸ್ಥೂಲವಾಗಿ ಹೀಗಿದೆ. 1940ರ ಮಾರ್ಚ್ 9ರಂದು ನ್ಯೂಜೆರ್ಸಿಯ ಕಾರ್ನಿ ಎಂಬ ಊರಿನ ಫೆಡರಲ್ ಶಿಪ್‌ಬಿಲ್ಡಿಂಗ್ ಕಟ್ಟೆಯಿಂದ ನೀರಿಗಿಳಿಯಿತು. ಅದೇ ವರ್ಷ ಸೆಪ್ಟೆಂಬರ್ 13ರಂದು ಸೇವೆಗೆ ಸೇರಿತು. 1941ರ ಅಕ್ಟೋಬರ್ 17ರ ನಸುಕಿನಲ್ಲಿ, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರದಾಗಲೇ, ಐಸ್‌ಲ್ಯಾಂಡಿನ ದಕ್ಷಿಣದ ಸಮುದ್ರದಲ್ಲಿ ಎಸ್‌ಸಿ-48 ಎಂಬ ಸರಕು ಹಡಗುಗಳ ಬೆಂಗಾವಲಿಗೆ ಹೋಗಿದ್ದಾಗ ಜರ್ಮನಿಯ ಯು-568 ಜಲಾಂತರ್ಗಾಮಿಯ ಟಾರ್ಪಿಡೋ ಬಲಮಗ್ಗುಲಿಗೆ ಬಡಿಯಿತು. 11 ಮಂದಿ ಸತ್ತರು. ಹಡಗು ಮುಳುಗಲಿಲ್ಲ, ತಾನೇ ರೇಕ್ಯಾವಿಕ್ ತಲುಪಿತು. ತಾತ್ಕಾಲಿಕ ರಿಪೇರಿ ಮುಗಿಸಿ ಡಿಸೆಂಬರ್ 25ರಂದು ಹೊರಟು ತಿಂಗಳ ಕೊನೆಗೆ ಬಾಸ್ಟನ್ ಸೇರಿತು. 1942ರ ಏಪ್ರಿಲ್‌ವರೆಗೂ ಅಲ್ಲೇ ಇತ್ತು. ಆಮೇಲೆ ಬೆಂಗಾವಲು ಕೆಲಸ, ನವೆಂಬರ್‌ನಲ್ಲಿ ಉತ್ತರ ಆಫ್ರಿಕದ ಮೇಲಿನ ದಾಳಿ, 1944ರ ಆಗಸ್ಟ್‌ನಲ್ಲಿ ದಕ್ಷಿಣ ಫ್ರಾನ್ಸ್. 1946ರ ಮಾರ್ಚ್ 7ರಂದು ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್‌ನಲ್ಲಿ ಸೇವೆಯಿಂದ ಕೆಳಗಿಳಿಯಿತು.

ಇಷ್ಟು ವಿವರ ಅಮೆರಿಕ ನೌಕಾಪಡೆಯ ಇತಿಹಾಸ ವಿಭಾಗದ ಜಾಲತಾಣದಲ್ಲಿ ಹಡಗಿನ ಹೆಸರು ಕೊಟ್ಟರೆ ಪುಕ್ಕಟೆ ಸಿಗುತ್ತದೆ. ಇನ್ನೂ ಆಳಕ್ಕೆ ಇಳಿಯುವವರಿಗೆ ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಹಡಗುಗಳ ಯುದ್ಧ ದಿನಚರಿಗಳು ಸ್ಕ್ಯಾನ್ ಆಗಿವೆ. ಈ ಹಾಳೆಯೇ ನಿಮ್ಮ ಒರೆಗಲ್ಲು. ಮುಂದೆ ಯಾವ ಲಕೋಟೆ ಕೈಗೆ ಬಂದರೂ ಮೊದಲು ಕೇಳಬೇಕಾದದ್ದು ‘ಈ ತಾರೀಕಿನಲ್ಲಿ ಹಡಗು ಎಲ್ಲಿತ್ತು?’ ಎಂದು.

ಹೆಸರಿನ ಗೋಜಲು

ಕಾರ್ನಿ ಎಂದು ಉಚ್ಚರಿಸುವ ಈ ಹೆಸರಿನ ಇಂಗ್ಲಿಷ್ ಕಾಗುಣಿತ ಕೆ, ಇ, ಎ, ಆರ್, ಎನ್, ವೈ. ಮಾರುವವರಲ್ಲಿ ಬಹಳ ಜನ ಕೊನೆಯ ವೈಗೆ ಮುಂಚೆ ಇನ್ನೊಂದು ಇ ಸೇರಿಸಿ ಬರೆಯುತ್ತಾರೆ. ಹುಡುಕುವಾಗ ಎರಡನ್ನೂ ಹಾಕಿ. ತಪ್ಪು ಕಾಗುಣಿತದಲ್ಲಿ ಪಟ್ಟಿಯಾದ ಲಕೋಟೆಗೆ ಪೈಪೋಟಿ ಕಡಿಮೆ, ಬೆಲೆಯೂ ಕಡಿಮೆ. ಇದೇ ಉಚ್ಚಾರದ, ಸಿ ಅಕ್ಷರದಿಂದ ಶುರುವಾಗುವ ಇನ್ನೊಂದು ಡೆಸ್ಟ್ರಾಯರ್ 1996ರಲ್ಲಿ ಸೇವೆಗೆ ಬಂತು. ಅದರ ಹಲ್ ಸಂಖ್ಯೆ ಡಿಡಿಜಿ-64. ಅದರ ಕವರ್‌ಗಳೂ ಹುಡುಕಾಟದಲ್ಲಿ ಬಂದು ಬೀಳುತ್ತವೆ. ಹೆಸರಿಗಿಂತ ಹಲ್ ಸಂಖ್ಯೆಯನ್ನು ನಂಬಿ.

ದೊಡ್ಡ ಗುಂಡಿ ಇರುವುದು ಬೇರೆ ಕಡೆ. ಹಡಗಿಗೆ ಲಾರೆನ್ಸ್ ಕಾರ್ನಿ ಎಂಬ ನೌಕಾಧಿಕಾರಿಯ ಹೆಸರು. ಕಟ್ಟಿದ ಊರಿಗೆ ಫಿಲಿಪ್ ಕಾರ್ನಿ ಎಂಬ ಸೇನಾಧಿಕಾರಿಯ ಹೆಸರು. ಎರಡಕ್ಕೂ ಕಾಗುಣಿತ ಒಂದೇ. ಹಾಗಾಗಿ ‘ಕಾರ್ನಿ, ಎನ್.ಜೆ.’ ಎಂಬ ಠಸ್ಸೆ ಇರುವ ಲಕೋಟೆಯನ್ನು ಹಡಗಿನ ಠಸ್ಸೆ ಎಂದು ಹೊಸಬರು ಕೊಳ್ಳುತ್ತಾರೆ. ಅದು ಊರಿನ ಅಂಚೆ ಕಚೇರಿಯದು. 1940ರ ಮಾರ್ಚ್ 9ರ ತಾರೀಕಿದ್ದು, ಎಡಗಡೆ ಹಡಗಿನ ಚಿತ್ರವಿದ್ದರೆ ಅದು ನೀರಿಗಿಳಿಸಿದ ದಿನದ ಸ್ಮರಣೆಯ ಲಕೋಟೆ. ಸಂಗ್ರಹದಲ್ಲಿ ಅದಕ್ಕೆ ಖಂಡಿತ ಜಾಗವಿದೆ, ಆದರೆ ಹಡಗಿನ ಠಸ್ಸೆಯ ಬೆಲೆ ಕೊಡಬೇಡಿ. ನೀರಿಗಿಳಿದ ದಿನ ಹಡಗು ಬರೀ ಉಕ್ಕಿನ ಹೊಟ್ಟೆ. ಅದರಲ್ಲಿ ಅಂಚೆ ಗುಮಾಸ್ತನೂ ಇಲ್ಲ, ಕಚೇರಿಯೂ ಇಲ್ಲ. ಹಡಗಿನದೇ ಠಸ್ಸೆಯಾದರೆ ಹೆಸರಿನ ಹಿಂದೆ ‘ಯು.ಎಸ್.ಎಸ್.’ ಇರಲೇಬೇಕು.

ಯುದ್ಧಕ್ಕೆ ಮುಂಚಿನ ಲಕೋಟೆಗಳು

ಈ ಕಾಲದ ಹೆಚ್ಚಿನವು ಸಂಗ್ರಾಹಕರಿಗಾಗಿಯೇ ಮಾಡಿದವು. 1932ರಲ್ಲಿ ಯೂನಿವರ್ಸಲ್ ಶಿಪ್ ಕ್ಯಾನ್ಸಲೇಶನ್ ಸೊಸೈಟಿ ಹುಟ್ಟಿದ ಮೇಲೆ ಅಮೆರಿಕದಲ್ಲಿ ಈ ಹವ್ಯಾಸ ಜೋರಾಯಿತು. ಹಡಗಿಗೆ ಅಡಿಗಟ್ಟು ಹಾಕಿದ ದಿನ, ನೀರಿಗಿಳಿಸಿದ ದಿನ, ಸೇವೆಗೆ ಸೇರಿದ ದಿನ, ಹಡಗಿನ ಅಂಚೆ ಕಚೇರಿ ತೆರೆದ ಮೊದಲ ದಿನ, ಹೀಗೆ ಪ್ರತಿಯೊಂದಕ್ಕೂ ಎಡಭಾಗದಲ್ಲಿ ಚಿತ್ರ ಅಚ್ಚು ಹಾಕಿಸಿದ ಲಕೋಟೆ ಕಳಿಸುತ್ತಿದ್ದರು. ಈ ಚಿತ್ರಕ್ಕೆ ಕ್ಯಾಶೆ ಎನ್ನುತ್ತಾರೆ. ಕೆಲವರ ಕೈಕೆಲಸ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ವಾಲ್ಟರ್ ಕ್ರಾಸ್ಬಿಯ ಕ್ಯಾಶೆಗಳಲ್ಲಿ ಶಾಯಿ ಉಬ್ಬಿರುತ್ತದೆ, ಹಲವದರಲ್ಲಿ ಪುಟ್ಟ ಫೋಟೋ ಅಂಟಿಸಿರುತ್ತಾರೆ. ಬೆರಳ ತುದಿ ಸವರಿದರೆ ಉಬ್ಬು ತಿಳಿಯುತ್ತದೆ.

ಸೇವೆಗೆ ಸೇರಿದ ದಿನ ಮತ್ತು ಹಡಗಿನ ಅಂಚೆ ಶುರುವಾದ ದಿನ ಒಂದೇ ಆಗಿರಬೇಕೆಂದಿಲ್ಲ. ಕಚೇರಿ ಇನ್ನೂ ತೆರೆಯದಿದ್ದರೆ ಸೇವೆಗೆ ಸೇರಿದ ದಿನದ ಲಕೋಟೆಗೂ ದಡದ ಅಂಚೆ ಕಚೇರಿಯದೇ ಠಸ್ಸೆ. ಮಾರುವವರು ಎರಡನ್ನೂ ‘ಮೊದಲ ದಿನ’ ಎಂದೇ ಬರೆಯುತ್ತಾರೆ. ಯಾವುದರ ಮೊದಲ ದಿನ ಎಂದು ಕೇಳಿ.

ಅಂಚೆಚೀಟಿಯನ್ನೂ ತಾರೀಕಿನ ಪಕ್ಕ ಇಟ್ಟು ನೋಡುವ ಅಭ್ಯಾಸ ಬೆಳೆಸಿಕೊಳ್ಳಿ. ಆಗ ಸಾಧಾರಣ ಕಾಗದಕ್ಕೆ 3 ಸೆಂಟ್. 1938ರಿಂದ ಬಳಕೆಯಲ್ಲಿದ್ದ ನೇರಳೆ ಬಣ್ಣದ ಜೆಫರ್ಸನ್ ಚೀಟಿ ಎಲ್ಲ ಕಡೆ ಕಾಣುತ್ತದೆ. ದೀವಟಿಗೆಯ ಚಿತ್ರವಿರುವ ‘ರಾಷ್ಟ್ರೀಯ ರಕ್ಷಣೆ’ಯ 3 ಸೆಂಟ್ ಚೀಟಿ ಹೊರಬಂದದ್ದು 1940ರ ಅಕ್ಟೋಬರ್ 16ರಂದು. ಅದನ್ನು ಅಂಟಿಸಿ ಸೆಪ್ಟೆಂಬರ್ 13ರ ಠಸ್ಸೆ ಹೊಡೆದ ಕಾರ್ನಿ ಲಕೋಟೆ ಸಿಕ್ಕರೆ ಯಾರೋ ತಾರೀಕು ಹಿಂದಕ್ಕೆ ತಿರುಗಿಸಿದ್ದಾರೆ ಎಂದೇ ಅರ್ಥ. ರೆಕ್ಕೆ ಹೊತ್ತ ಗರುಡ ‘ವಿ’ ಆಕಾರದಲ್ಲಿರುವ ‘ವಿನ್ ದಿ ವಾರ್’ ಚೀಟಿ 1942ರ ಜುಲೈ 4ರದು. ಅದಕ್ಕೆ ಮುಂಚಿನ ಯಾವ ತಾರೀಕಿನಲ್ಲೂ ಅದು ಇರಕೂಡದು.

ಠಸ್ಸೆಯ ಜಾತಿ

ಈ ಠಸ್ಸೆಗಳನ್ನು ವಿಂಗಡಿಸಲು ಡಾ. ಫ್ರಾನ್ಸಿಸ್ ಲೋಸಿ ಎಂಬಾತ ಮಾಡಿಟ್ಟ ಪಟ್ಟಿಯನ್ನೇ ಇಂದಿಗೂ ಎಲ್ಲರೂ ಬಳಸುತ್ತಾರೆ. ಮಾರಾಟದ ವಿವರಣೆಯಲ್ಲಿ ‘ಲೋಸಿ 3’, ‘ಲೋಸಿ 2-ಝಡ್’ ಎಂದು ಬರೆದಿರುವುದು ಇದನ್ನೇ. ಇಡೀ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಒಂದು ಹಡಗಿನ ಮಟ್ಟಿಗೆ ಎರಡು ಸಂಗತಿ ಸಾಕು.

ಮೂರನೆಯ ಬಗೆಯಲ್ಲಿ ಒಂದು ವೃತ್ತ, ಅದರ ಬಲಕ್ಕೆ ಚೀಟಿಯನ್ನು ರದ್ದು ಮಾಡುವ ಅಡ್ಡಪಟ್ಟಿಗಳು. ಪಟ್ಟಿಗಳ ನಡುವೆ ಅಕ್ಷರ ಜೋಡಿಸಲು ಜಾಗ. ಯುದ್ಧಕ್ಕೆ ಮುಂಚೆ ಅಲ್ಲಿ ಬಂದರಿನ ಹೆಸರೋ ಹಬ್ಬದ ಹಾರೈಕೆಯೋ ಬರುತ್ತಿತ್ತು. ಗುಮಾಸ್ತ ಒಂದೊಂದೇ ರಬ್ಬರ್ ಅಕ್ಷರವನ್ನು ಇಕ್ಕಳದಿಂದ ಕೂರಿಸುತ್ತಿದ್ದುದರಿಂದ ತಲೆಕೆಳಗಾದ ಅಕ್ಷರ, ಜಾರಿದ ಸಾಲು, ತಪ್ಪು ವರ್ಷ ಎಲ್ಲವೂ ಸಿಗುತ್ತವೆ. ಇವು ಖೋಟಾ ಅಲ್ಲ, ಕೈತಪ್ಪು. ಬಿಡಬೇಡಿ.

‘ಝಡ್’ ಬಾಲವಿರುವುದು ಯುದ್ಧಕಾಲದ್ದು: ಹಡಗಿನ ಹೆಸರಿಲ್ಲದ, ‘ಯು.ಎಸ್. ನೇವಿ’ ಮಾತ್ರ ಇರುವ ಠಸ್ಸೆ. ಹೊಸ ಠಸ್ಸೆ ಬರುವವರೆಗೆ ಕೆಲವು ಹಡಗುಗಳಲ್ಲಿ ಹಳೆಯದರಿಂದ ಹೆಸರನ್ನೇ ಕತ್ತರಿಸಿ ಹಾಕಿ ಬಳಸಿದರು. ಅಂಥದರಲ್ಲಿ ವೃತ್ತದ ಮೇಲ್ಭಾಗ ಬೋಳಾಗಿರುತ್ತದೆ. ಶಾಯಿ ಹತ್ತಿಲ್ಲವೇನೋ ಎಂದುಕೊಂಡು ಬಿಟ್ಟರೆ ಒಳ್ಳೆಯದೊಂದು ತುಣುಕು ಕೈಬಿಟ್ಟಂತೆ.

ರಬ್ಬರೋ ಉಕ್ಕೋ ಎಂದು ಭೂತಗನ್ನಡಿಯಲ್ಲಿ ನೋಡಿ. ಉಕ್ಕಿನ ಠಸ್ಸೆಯ ಗೆರೆ ಸಣ್ಣ, ಅಂಚು ಚೂಪು, ಕಾಗದ ಸ್ವಲ್ಪ ಒಳಕ್ಕೆ ಒತ್ತಿರುತ್ತದೆ. ರಬ್ಬರಿನದರಲ್ಲಿ ಶಾಯಿ ಗೆರೆಯ ಎರಡೂ ಅಂಚಿಗೆ ಹಿಂಡಿಕೊಂಡು ನಡುವೆ ತೆಳ್ಳಗಾಗಿರುತ್ತದೆ. ರಿಜಿಸ್ಟರ್ ಕಾಗದವಾದರೆ ಲಕೋಟೆ ತಿರುಗಿಸಿ. ಠಸ್ಸೆ ಬೀಳುವುದು ಹಿಂಬದಿಯ ಮಡಿಕೆಗಳ ಮೇಲೆ, ಸಾಮಾನ್ಯವಾಗಿ ಅಡ್ಡಪಟ್ಟಿ ಇಲ್ಲದ ಜೋಡಿ ವೃತ್ತ. ಮುಂಭಾಗದ ಫೋಟೋ ಮಾತ್ರ ಹಾಕಿದ ಮಾರಾಟಗಾರನಿಂದ ಹಿಂಭಾಗದ ಫೋಟೋ ಕೇಳಿ ತರಿಸಿಕೊಳ್ಳದೆ ದುಡ್ಡು ಕಟ್ಟಬೇಡಿ.

ಯುದ್ಧಕಾಲದ ಲಕೋಟೆ ಓದುವ ಕ್ರಮ

ಈ ಹವ್ಯಾಸದ ನಿಜವಾದ ರುಚಿ ಇಲ್ಲಿದೆ. ನಿಮ್ಮ ಮುಂದೆ ಒಂದು ಬಿಳಿ ಲಕೋಟೆ ಇದೆ ಎಂದುಕೊಳ್ಳಿ. ಬಲಮೂಲೆಯಲ್ಲಿ ಚೀಟಿ ಇಲ್ಲ, ‘ಫ್ರೀ’ ಎಂದು ಶಾಯಿಯಲ್ಲಿ ಬರೆದಿದೆ. ‘ಯು.ಎಸ್. ನೇವಿ’ ಠಸ್ಸೆ, 1943ರ ತಾರೀಕು. ಕೆಳಗೆ ಎಡಗಡೆ ‘ಪಾಸ್ಡ್ ಬೈ ನೇವಲ್ ಸೆನ್ಸಾರ್’ ಎಂಬ ಮುದ್ರೆ, ಅದರೊಳಗೆ ಯಾರದೋ ಗೀಚಿದ ಇನಿಷಿಯಲ್. ಇದನ್ನು ಹೀಗೆ ಬಿಡಿಸಿ.

1. ಎಡಮೂಲೆಯ ವಿಳಾಸ. ಹೆಸರು, ದರ್ಜೆ, ‘ಯು.ಎಸ್.ಎಸ್. ಕಾರ್ನಿ’, ಅದರ ಕೆಳಗೆ ‘ಕೇರ್ ಆಫ್ ಫ್ಲೀಟ್ ಪೋಸ್ಟ್ ಆಫೀಸ್, ನ್ಯೂಯಾರ್ಕ್’. ನ್ಯೂಯಾರ್ಕ್ ಎಂದಿದ್ದ ಮಾತ್ರಕ್ಕೆ ಹಡಗು ಅಲ್ಲಿತ್ತು ಎಂದಲ್ಲ. ಅದು ಅಟ್ಲಾಂಟಿಕ್ ಕಡೆಯ ಹಡಗುಗಳಿಗೆ ಅಂಚೆ ಹಂಚುವ ಕೇಂದ್ರ, ಅಷ್ಟೆ. ಪೆಸಿಫಿಕ್ ಕಡೆಯವಕ್ಕೆ ಸ್ಯಾನ್ ಫ್ರಾನ್ಸಿಸ್ಕೊ. ಒಂದೇ ಹಡಗಿನ ಲಕೋಟೆಗಳಲ್ಲಿ ಈ ಊರು ಬದಲಾದ ತಿಂಗಳೇ ಹಡಗು ಸಾಗರ ಬದಲಿಸಿದ್ದರ ಸುಳಿವು.

2. ಅಂಚೆ ದರ. 1942ರ ಏಪ್ರಿಲ್ 1ರಿಂದ ಸೈನಿಕರ, ನಾವಿಕರ ಸಾಧಾರಣ ಕಾಗದ ಪುಕ್ಕಟೆ. 1947ರ ಕೊನೆಯವರೆಗೂ ಇದು ನಡೆಯಿತು. ಅದಕ್ಕೆ ಮುಂಚೆ 3 ಸೆಂಟ್ ಕಟ್ಟಬೇಕಿತ್ತು. ವಿಮಾನದಲ್ಲಿ ಹೋಗಬೇಕಾದರೆ ಪುಕ್ಕಟೆ ಇಲ್ಲ, ಅರ್ಧ ಔನ್ಸಿಗೆ 6 ಸೆಂಟ್. 1944ರ ಮಾರ್ಚ್ 26ರಿಂದ ನಾಗರಿಕರ ವಿಮಾನ ದರ 8 ಸೆಂಟ್ ಆಯಿತು, ನಾವಿಕರಿಗೆ 6 ಸೆಂಟ್ ಹಾಗೇ ಉಳಿಯಿತು. ಫ್ಲೀಟ್ ಪೋಸ್ಟ್ ಆಫೀಸ್ ಮೂಲಕ ನಾವಿಕನಿಗೆ ಮನೆಯಿಂದ ಹೋದ ವಿಮಾನದ ಕಾಗದಕ್ಕೂ ಇದೇ 6 ಸೆಂಟ್.

3. ಸೆನ್ಸಾರ್ ಮುದ್ರೆ. ನೌಕಾಪಡೆಯಲ್ಲಿ ಕಾಗದ ಓದಿ ಮುದ್ರೆ ಒತ್ತುತ್ತಿದ್ದವರು ಆ ಹಡಗಿನದೇ ಅಧಿಕಾರಿಗಳು. ಇನಿಷಿಯಲ್ ಅವರದೇ. ನಿಮ್ಮಲ್ಲಿ ಹತ್ತು ಖಚಿತ ಕಾರ್ನಿ ಲಕೋಟೆಗಳಿದ್ದರೆ ಯಾವ ಇನಿಷಿಯಲ್ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬಂತು, ಮುದ್ರೆಯ ಆಕಾರ, ಅಳತೆ, ಶಾಯಿಯ ಬಣ್ಣ ಏನು ಎಂದು ಒಂದು ಕೋಷ್ಟಕ ಮಾಡಿ. ಮುಂದೆ ಎಡಮೂಲೆ ಹರಿದುಹೋದ ಅನಾಥ ಲಕೋಟೆಯೊಂದು ಸಿಕ್ಕಾಗ ಅದೇ ಮುದ್ರೆ, ಅದೇ ಗೀಚು ಕಂಡರೆ ಅದು ಯಾವ ಹಡಗಿನದೆಂದು ಹೇಳಬಲ್ಲವರು ನೀವು ಮಾತ್ರ.

4. ಹೆಸರಿನ ತಾಳೆ. ನ್ಯಾಷನಲ್ ಆರ್ಕೈವ್ಸ್‌ನ ಹಡಗಿನ ಹಾಜರಿ ಪಟ್ಟಿಗಳಲ್ಲಿ ನಾವಿಕ ಯಾವಾಗ ಹಡಗು ಹತ್ತಿದ, ಯಾವಾಗ ಇಳಿದ ಎಂಬುದು ಸಿಗುತ್ತದೆ. ಅವು ಸಾಮಾನ್ಯ ನಾವಿಕರ ಪಟ್ಟಿಗಳು. ಅಧಿಕಾರಿಗಳ ಹೆಸರು ಅಲ್ಲಿ ಹುಡುಕಿ ಸುಸ್ತಾಗಬೇಡಿ. ದರ್ಜೆ ಏರಿದ ತಾರೀಕೂ ಮೂಲೆಯ ವಿಳಾಸದ ದರ್ಜೆಗೆ ಹೊಂದಬೇಕು.

5. ಕೊನೆಗೆ ದಿನಚರಿ ಹಾಳೆ. 1942ರ ಫೆಬ್ರವರಿ ಎಂದಿದ್ದರೆ ಕಾರ್ನಿ ಬಾಸ್ಟನ್ ಕಟ್ಟೆಯಲ್ಲಿದೆ. ನಾವಿಕರು ಊರೊಳಗೆ ಹೋಗಿ ಬರುತ್ತಿರುವ ಕಾಲ. ಮೂಲೆಯಲ್ಲಿ ಹಡಗಿನ ಹೆಸರು, ಠಸ್ಸೆ ಮಾತ್ರ ಬಾಸ್ಟನ್ ಊರಿನದು ಆಗಿರಬಹುದು, ಸೆನ್ಸಾರ್ ಮುದ್ರೆ ಇಲ್ಲದಿರಬಹುದು. ಇದರಲ್ಲಿ ಅನುಮಾನಪಡುವಂಥದ್ದೇನೂ ಇಲ್ಲ. ಅದೇ ತಾರೀಕಿಗೆ ‘ಫ್ರೀ’ ಎಂದು ಬರೆದಿದ್ದರೆ ಆಗ ಕಣ್ಣು ಕಿರಿದು ಮಾಡಿ. ಪುಕ್ಕಟೆ ಅಂಚೆ ಬರಲು ಇನ್ನೂ ಒಂದು ತಿಂಗಳ ಮೇಲಿದೆ.

ಲಕೋಟೆಯೊಳಗೆ ಕಾಗದವಿದ್ದರೆ ಎಂದೂ ಬೇರ್ಪಡಿಸಬೇಡಿ. 1942ರ ಜೂನ್ 15ರಿಂದ ಬಂದ ವಿ-ಮೇಲ್‌ನಲ್ಲಂತೂ ಇದು ಕಡ್ಡಾಯ. ಅದರಲ್ಲಿ ಕಾಗದವನ್ನು ಸಣ್ಣ ಫಿಲ್ಮಿಗೆ ಇಳಿಸಿ, ದಡದಲ್ಲಿ ಮತ್ತೆ ಸುಮಾರು ನಾಲ್ಕೂಕಾಲು ಇಂಚು ಅಗಲ, ಐದೂಕಾಲು ಇಂಚು ಉದ್ದದ ಫೋಟೋ ಪ್ರತಿ ಮಾಡಿ ಕಿಟಕಿ ಲಕೋಟೆಯಲ್ಲಿ ಹಾಕುತ್ತಿದ್ದರು. ಹಡಗಿನ ಹೆಸರು, ಸೆನ್ಸಾರ್ ಮುದ್ರೆ ಎರಡೂ ಒಳಗಿನ ಫೋಟೋದಲ್ಲಿರುತ್ತವೆ. ಲಕೋಟೆಯೊಂದೇ ಉಳಿದರೆ ಅದು ಯಾವ ಹಡಗಿನದೂ ಅಲ್ಲ.

ನಾವಿಕನಿಗೆ ಬಂದ ಕಾಗದಗಳನ್ನೂ ಕೂಡಿಸಿ. ಹಡಗಿನಲ್ಲಿ ಜಾಗ ಕಡಿಮೆ, ಓದಿ ಎಸೆಯುತ್ತಿದ್ದರು; ಹಾಗಾಗಿ ಕಳಿಸಿದವುಗಳಿಗಿಂತ ಇವು ವಿರಳ. ವರ್ಗಾವಣೆಯಾದವನ ಹಿಂದೆ ಮೂರು ವಿಳಾಸ ತಿರುಗಿ, ಮೂರು ಬಣ್ಣದ ಶಾಯಿಯಲ್ಲಿ ಹೊಡೆದುಹಾಕಿದ ಲಕೋಟೆ ಅಂದವಾಗಿ ಕಾಣದಿದ್ದರೂ ಹೇಳುವುದು ಬಹಳ.

ಹುಡುಕುವುದು, ಕೊಳ್ಳುವುದು

ಈಬೇ, ಹಿಪ್‌ಸ್ಟ್ಯಾಂಪ್, ಡೆಲ್‌ಕ್ಯಾಂಪ್ ಮೂರರಲ್ಲೂ ಹುಡುಕಾಟ ಉಳಿಸಿಡಿ. ಹಡಗಿನ ಹೆಸರಿನ ಎರಡೂ ಕಾಗುಣಿತ, ‘ಡಿಡಿ 432’ ಅಡ್ಡಗೆರೆ ಇದ್ದು ಒಮ್ಮೆ ಇಲ್ಲದೆ ಒಮ್ಮೆ, ಆಮೇಲೆ ಹೆಸರೇ ಇಲ್ಲದ ‘ನೇವಿ ಸೆನ್ಸಾರ್ ಫ್ರೀ 1943’ ಎಂಬಂಥದ್ದು. ಮೂರನೆಯದರಲ್ಲಿ ನೂರಾರು ಫೋಟೋ ಕಣ್ಣಿನಿಂದಲೇ ತಿರುವಿ ಹಾಕಬೇಕು. ಬೇಸರದ ಕೆಲಸ, ಆದರೆ ಕೆಲವೇ ಡಾಲರಿಗೆ ಒಳ್ಳೆಯ ಲಕೋಟೆ ಸಿಗುವುದು ಅಲ್ಲೇ. ನೇವಲ್ ಕವರ್ ಮ್ಯೂಸಿಯಂ ಎಂಬ ಜಾಲತಾಣದಲ್ಲಿ ಹಡಗುವಾರು ಠಸ್ಸೆಗಳ ಚಿತ್ರಗಳಿವೆ. ಕೊಳ್ಳುವ ಮುನ್ನ ಅಲ್ಲಿನದರ ಪಕ್ಕ ಇಟ್ಟು ನೋಡಿ.

ಭಾರತಕ್ಕೆ ತರಿಸುವವರಿಗೆ ಸಾಗಣೆ ಖರ್ಚೇ ಲಕೋಟೆಗಿಂತ ಹೆಚ್ಚು. ಒಬ್ಬನೇ ಮಾರಾಟಗಾರನಿಂದ ಆರೇಳು ಸೇರಿಸಿ ಒಟ್ಟಿಗೆ ಕಳಿಸಲು ಹೇಳಿ. ಎರಡು ಗಟ್ಟಿ ರಟ್ಟಿನ ನಡುವೆ, ರಟ್ಟಿನ ಅಲೆ ಒಂದು ಅಡ್ಡ ಒಂದು ಉದ್ದ ಇರುವಂತೆ ಇಟ್ಟರೆ ಮಡಚುವುದಿಲ್ಲ. ಟೇಪು ಲಕೋಟೆಯ ಚೀಲಕ್ಕೆ ತಾಗದಿರಲಿ. ಸುಂಕದ ಫಾರಮ್ಮಿನಲ್ಲಿ ‘ಹಳೆ ಕಾಗದ’ ಎಂದು ಬರೆಸಬೇಡಿ. ಅಂಚೆಚೀಟಿ, ಠಸ್ಸೆ, ಪ್ರಥಮದಿನ ಲಕೋಟೆಗಳಿಗೆ 9704 ಎಂಬ ಶೀರ್ಷಿಕೆ ಸಂಖ್ಯೆಯೇ ಇದೆ, ಅದನ್ನೇ ಹಾಕಿಸಿ. ಅಮೆರಿಕದಲ್ಲಿ ನೆಂಟರಿದ್ದರೆ ಅವರ ಮನೆಗೆ ತರಿಸಿ, ಊರಿಗೆ ಬರುವಾಗ ಕೈಚೀಲದಲ್ಲಿ ತರಲು ಹೇಳುವುದು ಎಲ್ಲಕ್ಕಿಂತ ಸುರಕ್ಷಿತ. ಲಗೇಜಿನಲ್ಲಿ ಬೇಡ.

ಎಲ್ಲಿ ಮೋಸಹೋಗುತ್ತೀರಿ

ಜನಕ್ಕೆ ಬೇಕಾದ ತಾರೀಕಿಗೇ ಖೋಟಾ ಹುಟ್ಟುವುದು. 1941ರ ಡಿಸೆಂಬರ್ 7ರ ಠಸ್ಸೆ ಎಷ್ಟು ಅನುಮಾನಕ್ಕೆ ಅರ್ಹವೋ ಕಾರ್ನಿಯ ಮಟ್ಟಿಗೆ 1941ರ ಅಕ್ಟೋಬರ್ 17ರದೂ ಅಷ್ಟೇ. ಬಾಯ್ಲರ್ ಕೋಣೆ ಒಡೆದು, ಸತ್ತವರನ್ನು ಎಣಿಸುತ್ತ, ಕುಂಟುತ್ತ ಐಸ್‌ಲ್ಯಾಂಡಿನತ್ತ ಸಾಗುತ್ತಿದ್ದ ಹಡಗಿನಲ್ಲಿ ಅಂದು ಯಾರಾದರೂ ಕೂತು ಸಂಗ್ರಾಹಕರ ಲಕೋಟೆಗೆ ನೀಟಾಗಿ ಠಸ್ಸೆ ಹೊಡೆದಿರುತ್ತಾರೆಯೇ ಎಂದು ಯೋಚಿಸಿ. ಆಮೇಲೆ ಗುಮಾಸ್ತ ತಾರೀಕು ಹಿಂದಕ್ಕೆ ತಿರುಗಿಸಿ ಉಪಕಾರಕ್ಕೆಂದು ಹೊಡೆದುಕೊಟ್ಟಿರಬಹುದು. ಅದು ನಿಜವಾದ ಠಸ್ಸೆ, ಸುಳ್ಳು ತಾರೀಕು. ಹಾಗೆಂದು ಬರೆದಿಟ್ಟುಕೊಂಡರೆ ತಪ್ಪಿಲ್ಲ, ಆ ದಿನದ್ದೆಂದು ದುಬಾರಿ ಬೆಲೆ ಕೊಟ್ಟರೆ ಕೈ ಸುಟ್ಟುಕೊಂಡಂತೆ.

ಇನ್ನೊಂದು ಚಾಳಿ: ಹಳೆಯ ಸಾದಾ ಲಕೋಟೆಗೆ ಈಗ ಕ್ಯಾಶೆ ಸೇರಿಸುವುದು. ಠಸ್ಸೆಯ ಪಟ್ಟಿ ಚಿತ್ರವನ್ನು ದಾಟುವ ಜಾಗವನ್ನು 10 ಪಟ್ಟು ಹಿಗ್ಗಿಸುವ ಗಾಜಿನಲ್ಲಿ, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಚಿತ್ರದ ಶಾಯಿ ಠಸ್ಸೆಯ ಮೇಲೆ ಕೂತಿದ್ದರೆ ಚಿತ್ರ ಆಮೇಲಿನದು. ಸಣ್ಣ ಸಣ್ಣ ಬಣ್ಣದ ಚುಕ್ಕೆ ಚೆಲ್ಲಿದಂತೆ ಕಂಡರೆ ಇಂಕ್‌ಜೆಟ್ ಮುದ್ರಣ, 1940ರಲ್ಲಿ ಇಲ್ಲದ್ದು. 365 ನ್ಯಾನೋಮೀಟರ್‌ನ ಯುವಿ ಟಾರ್ಚ್ ಇಟ್ಟುಕೊಳ್ಳಿ. ಕತ್ತಲಲ್ಲಿ ಹಿಡಿದಾಗ ಲಕೋಟೆ ನೀಲಿಬಿಳುಪಿನಲ್ಲಿ ಹೊಸ ಅಂಗಿಯಂತೆ ಫಳಫಳ ಹೊಳೆದರೆ ಕಾಗದಕ್ಕೆ ಬೆಳ್ಳಗಾಗಿಸುವ ರಾಸಾಯನಿಕ ಸೇರಿದೆ. ಅದು ಕಾಗದದಲ್ಲಿ ಸಾಮಾನ್ಯವಾದದ್ದು ಯುದ್ಧದ ನಂತರ. ಹಳೆಯ ಕಾಗದ ಮಂಕಾಗಿ, ಕಂದು ಇಲ್ಲವೇ ನೇರಳೆಯಾಗಿ ಕಾಣುತ್ತದೆ.

1946ರ ಮಾರ್ಚ್ 7ರ ನಂತರದ ಕಾರ್ನಿ ಠಸ್ಸೆ ಇರಲು ಸಾಧ್ಯವಿಲ್ಲ. ಹಡಗಿನ ಹೆಸರು, ಚಿತ್ರ ಇರುವ ಆಮೇಲಿನ ಲಕೋಟೆಗಳು ಸ್ಮರಣೆಯವು, ದಡದಲ್ಲಿ ಮಾಡಿದವು.

ಇಟ್ಟುಕೊಳ್ಳುವುದು

ಆ ಕಾಲದ ಸಾಮಾನ್ಯ ಲಕೋಟೆ 165 ಮಿ.ಮೀ. ಉದ್ದ, 92 ಮಿ.ಮೀ. ಅಗಲ. ಅದಕ್ಕಿಂತ ಐದಾರು ಮಿ.ಮೀ. ದೊಡ್ಡದಾದ, ಪಾಲಿಯೆಸ್ಟರ್‌ನ ಪಾರದರ್ಶಕ ಚೀಲ ಬಳಸಿ. ಸ್ಟೇಷನರಿ ಅಂಗಡಿಯ ಮೆತ್ತನೆಯ, ವಾಸನೆ ಬರುವ ಪಿವಿಸಿ ಹಾಳೆ ಬೇಡ. ಅದರಿಂದ ಹೊರಬರುವ ಎಣ್ಣೆಯಂಥ ಪದಾರ್ಥ ಠಸ್ಸೆಯ ಶಾಯಿಯನ್ನು ಕರಗಿಸಿ ಹಾಳೆಗೇ ಅಂಟಿಸಿಬಿಡುತ್ತದೆ.

ಮೊದಲ ದಿನವೇ ಲಕೋಟೆ ತೆರೆದು ಒಳಗೆ ನೋಡಿ. ಗಟ್ಟಿಯಾಗಿರಲಿ ಎಂದು ಹಾಕಿದ ಹಳೆಯ ರಟ್ಟಿನ ಚೂರು ಆಮ್ಲ ಬಿಡುತ್ತ ಕಂದು ಚೌಕವನ್ನು ಮುಂಭಾಗಕ್ಕೆ ಇಳಿಸುತ್ತದೆ. ಅದನ್ನು ತೆಗೆಯಿರಿ, ಏನಾದರೂ ಬರೆದಿದ್ದರೆ ಬೇರೆ ಚೀಲದಲ್ಲಿ ಜೊತೆಗಿಡಿ. ಆಮ್ಲರಹಿತ ತೆಳು ಕಾಗದ ಕತ್ತರಿಸಿ ಒಳಗೆ ಹಾಕಿ. ಸಂಗ್ರಾಹಕರ ಲಕೋಟೆಗಳ ಮಡಿಕೆಯನ್ನು ಅಂಟಿಸದೆ ಒಳಕ್ಕೆ ಸೇರಿಸಿರುತ್ತಾರೆ. ಮಂಗಳೂರು, ಉಡುಪಿ, ಕಾರವಾರ, ಮಲೆನಾಡಿನ ಮಳೆಗಾಲದಲ್ಲಿ ಆ ಗೋಂದು ತಾನಾಗಿ ನೆನೆದು ಅಂಟಿಕೊಂಡುಬಿಡುತ್ತದೆ. ಮೇ ಕೊನೆಗೇ ಮಡಿಕೆಯ ಕೆಳಗೆ ಬೆಣ್ಣೆಕಾಗದದಂಥ ಗ್ಲಾಸೀನ್ ಪಟ್ಟಿ ಹಾಕಿ. ಮುಚ್ಚಳವಿರುವ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಣ್ಣ ತಿರುಗಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಿ. ತೇವ ಅಳೆಯುವ ಪುಟ್ಟ ಮೀಟರ್ 50 ಶೇಕಡದ ಆಸುಪಾಸು ತೋರಿಸುತ್ತಿರಲಿ. ಕಂದು ಚುಕ್ಕೆ ಬಿದ್ದ ಲಕೋಟೆಯನ್ನು ಬಿಸಿಲಿಗಿಡುವುದು, ಬ್ಲೀಚ್ ಹಾಕುವುದು ಎರಡೂ ತಪ್ಪು. ಬೇರೆ ಡಬ್ಬಿಗೆ ಹಾಕಿ, ಅಷ್ಟು ಸಾಕು. ನುಸಿಗುಳಿಗೆಯನ್ನು ಹತ್ತಿರ ತರಬೇಡಿ.

ಅಂಚೆಚೀಟಿ ನೆನೆಸಿ ತೆಗೆಯಬೇಡಿ. ಠಸ್ಸೆಯ ಸುತ್ತ ಎರಡು ಇಂಚಿಗೆ ನಾಲ್ಕು ಇಂಚಿನ ತುಂಡು ಕತ್ತರಿಸಿಡುವ ಪದ್ಧತಿ ಹಿಂದೆ ಇತ್ತು. ಹಾಗೆ ಕತ್ತರಿಸಿದ ಯುದ್ಧಕಾಲದ ತುಣುಕಿನಲ್ಲಿ ಎಡಮೂಲೆಯೇ ಹೋಗಿರುತ್ತದೆ, ಅಂದರೆ ಹಡಗೇ ಹೋಗಿರುತ್ತದೆ.

ಪ್ರತಿ ಲಕೋಟೆಯ ಎರಡೂ ಬದಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಟಿಪ್ಪಣಿ ಲಕೋಟೆಯ ಮೇಲೆ ಬೇಡ, ಪೆನ್ಸಿಲ್ಲಿನಲ್ಲಿ ಕೂಡ. ಬೇರೆ ಚೀಟಿಯಲ್ಲಿ ತಾರೀಕು, ಲೋಸಿ ಸಂಖ್ಯೆ, ಸೆನ್ಸಾರ್ ಇನಿಷಿಯಲ್, ದರ, ಅಂದು ಹಡಗಿದ್ದ ಜಾಗ, ಕೊಂಡ ಬೆಲೆ ಬರೆದು ಚೀಲದ ಹಿಂಬದಿಗೆ ಹಾಕಿ. ಕರ್ನಾಪೆಕ್ಸ್‌ನಂಥ ಪ್ರದರ್ಶನಕ್ಕೆ ಇಡುವ ಯೋಚನೆ ಇದ್ದರೆ ಒಂದು ಚೌಕಟ್ಟಿಗೆ 16 ಎ4 ಹಾಳೆ ಎಂಬ ಲೆಕ್ಕದಲ್ಲಿ ಹಾಳೆಗೆ ಎರಡರಂತೆ ಹೊಂದಿಸಿ. ನೀಟಾದ ಕ್ಯಾಶೆಗಳನ್ನೇ ತುಂಬಿದರೆ ತೀರ್ಪುಗಾರರು ಮೂಗು ಮುರಿಯುತ್ತಾರೆ; ನಿಜವಾಗಿ ಅಂಚೆಯಲ್ಲಿ ಹೋದ ಕಾಗದಗಳಿಗೆ ಹೆಚ್ಚು ಜಾಗ ಕೊಡಿ.

ಬ್ರಿಟಿಷ್ ಡೆಸ್ಟ್ರಾಯರ್‌ಗಳ ಹಿಂದೆ ಹೋಗುವವರಿಗೆ

ಭಾರತದ ಸಂಗ್ರಾಹಕರಿಗೆ ಇಲ್ಲಿ ನೇರವಾದ ನಂಟೊಂದಿದೆ. ರಾಯಲ್ ನೇವಿಯ ರಾದರಂ, ರೆಡೌಟ್, ರೈಡರ್ ಎಂಬ ಮೂರು ಯುದ್ಧಕಾಲದ ಡೆಸ್ಟ್ರಾಯರ್‌ಗಳು 1949ರಲ್ಲಿ ಭಾರತದ ನೌಕಾಪಡೆಗೆ ಬಂದು ರಜಪೂತ್, ರಣಜಿತ್, ರಾಣಾ ಆದವು. ಆದರೆ ಅಮೆರಿಕದ ಪಾಠ ಇಲ್ಲಿ ಪೂರ್ತಿ ನಡೆಯುವುದಿಲ್ಲ. ಬ್ರಿಟಿಷ್ ಹಡಗಿನ ಕಾಗದಗಳಿಗೆ ಹಡಗಿನದೇ ಹೆಸರಿನ ಠಸ್ಸೆ ಬೀಳುತ್ತಿರಲಿಲ್ಲ. ‘ಪೋಸ್ಟ್ ಆಫೀಸ್ ಮಾರಿಟೈಮ್ ಮೇಲ್’ ಎಂಬ ಯಂತ್ರದ ಠಸ್ಸೆಯೋ ‘ರಿಸೀವ್ಡ್ ಫ್ರಮ್ ಎಚ್.ಎಂ. ಶಿಪ್ಸ್’ ಎಂಬ ಮುದ್ರೆಯೋ ಇರುತ್ತದೆ. ಹೊರಗಡೆ ಕಳಿಸಿದವನ ಹಡಗಿನ ಹೆಸರು ಹಲವು ಸಲ ಇರುವುದೇ ಇಲ್ಲ. ಹಾಗಾಗಿ ಇಲ್ಲಿ ಒಳಗಿನ ಕಾಗದದ ತಲೆಬರಹವನ್ನೇ ನೆಚ್ಚಬೇಕು, ಇಲ್ಲವೇ ನಾವಿಕನಿಗೆ ಬಂದ, ‘ಎಚ್.ಎಂ.ಎಸ್. ರೈಡರ್, ಕೇರ್ ಆಫ್ ಜಿ.ಪಿ.ಒ. ಲಂಡನ್’ ಎಂದು ವಿಳಾಸವಿರುವ ಲಕೋಟೆ ಹುಡುಕಬೇಕು. ಅದೇ ಹಡಗು ರಾಣಾ ಆದ ಮೇಲಿನ ಲಕೋಟೆಗಳಲ್ಲಿ ವಿಳಾಸ ಬಾಂಬೆಯ ಫ್ಲೀಟ್ ಮೇಲ್ ಆಫೀಸಿನದು. ಎರಡೂ ಸಿಕ್ಕಿದರೆ ಒಂದೇ ಹಾಳೆಯಲ್ಲಿ, ಒಂದರ ಕೆಳಗೆ ಒಂದು ಇಡಿ.